ಗೋಡೆಯ ಮೇಲಿನ ಕಾಟ್ಲಾ

ದೆವ್ವ, ಗಾಳಿ, ಶಕುನ, ಸೋಜಿಗ ಎಂದವರನ್ನು ಎದುರಿಗೆ ಕೂಡಿಸಿಕೊಂಡು ಅಡ್ಡ ಪ್ರಶ್ನೆ ಹಾಕಿ ಬೆವರಿಳಿಸುವುದು ಒಂದು ಕಾಲಕ್ಕೆ ನನಗೆ ಬಲು ಖುಷಿಯ ಕೆಲಸವಾಗಿತ್ತು. ನಾನು ಮೋಜಣಿ ಇಲಾಖೆಯಲ್ಲಿ ನೌಕರಿ ಮಾಡಿದವನು. ಹೊಲದಲ್ಲಿ ಸರಪಳಿ ಎಳೆದು, ಹೂತುಹೋದ ಗಡಿಕಲ್ಲು ಹುಡುಕಿ, ಜಗಳಾಡುವ ಅಣ್ಣ-ತಮ್ಮಂದಿರ ನಡುವೆ ನಿಂತು ಅಳತೆ ಹೇಳುವುದು ನನ್ನ ಕೆಲಸ. ಅಳತೆಗೆ ಸಿಕ್ಕಿದ್ದು ಇದೆ, ಸಿಗದ್ದು ಇಲ್ಲ. ಇದಿಷ್ಟೇ ನನ್ನ ವೇದಾಂತ. ಅಂಥವನಿಗೆ ಹೀಗೊಂದು ಅನುಭವ ಆಯಿತು, ಅದೂ ಅಳತೆಯ ವಿಷಯದಲ್ಲೇ ಆಯಿತು. ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನಾನೂ ನಗುತ್ತಲೇ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ. ತಿಳಿಯದೆ ಇರುವಂಥದ್ದು ಮಾತ್ರ ಇದೆ.

ಎಂಬತ್ತರ ದಶಕದ ನಡುವಿನ ಮಾತು. ಕಲಘಟಗಿ ತಾಲೂಕಿನಲ್ಲಿ ಕಾಡು ಶುರುವಾಗುವ ಕಡೆಗೆ, ಬಸ್ಸು ಹೋಗಿ ತಿರುಗಿಕೊಂಡು ಬರುವ ಕೊನೆಯ ಊರಿನಲ್ಲಿ ನನಗೆ ಕೆಲಸ ಬಿತ್ತು. ಇನ್ನೂ ಮದುವೆ ಆಗಿರಲಿಲ್ಲ. ಅಣ್ಣಿಗೇರಿಯಿಂದ ಅವ್ವನನ್ನು ಕರೆತಂದು ಬಾಡಿಗೆ ಮನೆ ಹಿಡಿದೆ. ನಾನು ಎರೆಭೂಮಿಯ ಹುಡುಗ, ಬೇಸಿಗೆಯಲ್ಲಿ ಕೊಡದ ಹಿಂದೆ ಕೊಡ ಇಟ್ಟು ನೀರಿಗೆ ಪಾಳಿ ಹಚ್ಚಿ ಬೆಳೆದವನು. ಇಲ್ಲಿ ಊರಿಗೆ ಹೊಂದಿಕೊಂಡೇ ಕಣ್ಣು ಹಾಯುವಷ್ಟು ದೂರ ಕೆರೆ. ಅದನ್ನು ನೋಡಿ ನನಗೆ ಹುಚ್ಚು ಹಿಡಿಯಿತು. ಮೀನು ಹಿಡಿಯುವ ಹುಚ್ಚು.

ಇಲ್ಲೊಂದು ತೊಡಕಿತ್ತು. ನಮ್ಮದು ಲಿಂಗವಂತರ ಮನೆ. ಮೀನು ಹಾಗಿರಲಿ, ತತ್ತಿ ಕೂಡ ನಮ್ಮ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ. ಆ ತೊಡಕನ್ನು ಬಿಡಿಸಿದವನು ಗಾದಿ ಹೊಲಿಯುವ ರಾಜೇಸಾಬ. ಅವನಿಗೆ ಮೀನು ತಿನ್ನುವ ಆಸೆ ಬಹಳ, ಕೂತು ಕಾಯುವ ತಾಳ್ಮೆ ಇಲ್ಲ. ನನಗೆ ತಾಳ್ಮೆ ಇತ್ತು, ತಿನ್ನುವ ಬಾಯಿ ಇರಲಿಲ್ಲ. ಹೀಗೆ ನಮ್ಮಿಬ್ಬರ ಜೋಡಿ ಕೂಡಿಬಂತು. ಗಾಳ ಹಾಕಿ ಕೂರುವವನು ನಾನು, ಸಿಕ್ಕ ಮೀನನ್ನು ಗಾಳದಿಂದ ಬಿಡಿಸಿ ಮನೆಗೆ ಒಯ್ಯುವವನು ಅವನು. ನಾನು ಎರೆಹುಳುವನ್ನೂ ಮುಟ್ಟುತ್ತಿರಲಿಲ್ಲ. ಜೋಳದ ಹಿಟ್ಟಿಗೆ ಪುಠಾಣಿ ಹಿಟ್ಟು, ಚೂರು ಬೆಲ್ಲ ಕಲಸಿ ಉಂಡಿ ಕಟ್ಟಿ ಗಾಳಕ್ಕೆ ಚುಚ್ಚುತ್ತಿದ್ದೆ. "ಕೊರಳಾಗ ಲಿಂಗ, ಕೈಯಾಗ ಗಾಳ, ಗಾಳದಾಗ ಉಂಡಿ! ನಿಮ್ಮ ಕೆರ್‍ಯಾಗ ಮೀನಿಗೂ ದಾಸೋಹರಿ, ಸಾಹೇಬ್ರ" ಎಂದು ರಾಜೇಸಾಬ ಕಿಚಾಯಿಸುತ್ತಿದ್ದ.

ಅವ್ವನಿಗೆ ಗೊತ್ತಾದಾಗ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ರೊಟ್ಟಿ ಬಡಿಯುತ್ತ, ನನ್ನ ಮುಖ ನೋಡದೆ ಹೇಳಿದಳು: "ನಿನ್ನ ಕೈ ಸುಮ್ಮ ಇರೂದಿಲ್ಲಂತ ನನಗ ಗೊತ್ತೈತಿ. ಹಿಡಿ. ಆದ್ರ ತಿನ್ನೋವ್ರು ಇದ್ರ ಹಿಡಿ. ಯಾರ ಹೊಟ್ಟಿಗೂ ಸೇರದ ಜೀವಾ ತೆಗೀಬ್ಯಾಡ. ಬರೇ ಮೆರ್‍ಯಾಕ ಅಂತೂ ತೆಗೀಲೇಬ್ಯಾಡ." ನಾನು ಹೂಂ ಅಂದೆ. ಅವ್ವನಿಗೆ ಹೂಂ ಅಂದದ್ದನ್ನು ಮುರಿಯುವುದು ನಮ್ಮ ಮನೆಯಲ್ಲಿ ಅಷ್ಟು ಹಗುರದ ಮಾತಲ್ಲ.

ಆದರೆ ಆ ಊರಲ್ಲಿ ಮೀನು ಹಿಡಿಯುವುದೆಂದರೆ ಮೆರೆಯುವುದೇ ಆಗಿತ್ತು. ಕೆರೆಯ ಏರಿ ಮುಗಿಯುವಲ್ಲಿ, ಬಸ್ಸು ನಿಲ್ಲುವ ಕಡೆ, ಗುರುಪಾದಪ್ಪನ ಚಹಾದಂಗಡಿ. ಅದರ ಒಳಗೋಡೆಗೆ ಸುಣ್ಣ ಬಳಿದಿತ್ತು. ಕೆರೆಯಲ್ಲಿ ಎಲ್ಲಕ್ಕಿಂತ ದೊಡ್ಡ ಮೀನು ಹಿಡಿದವನು ಅದನ್ನು ಆ ಗೋಡೆಗೆ ಆನಿಸಿ ಹಿಡಿಯಬೇಕು, ಗುರುಪಾದಪ್ಪ ಅದರ ಸುತ್ತ ಕೆಮ್ಮಣ್ಣಿನಿಂದ ಗೆರೆ ಎಳೆಯಬೇಕು. ಅದಕ್ಕಿಂತ ದೊಡ್ಡದು ಬಂದ ದಿನ ಹಳೆಯದರ ಮೇಲೆ ಸುಣ್ಣ. ಗೋಡೆಯ ಮೇಲೆ ಯಾವಾಗಲೂ ಒಂದೇ ಮೀನು. ಆ ಮೀನಿನ ಯಜಮಾನನಿಗೆ ಅಂಗಡಿಯಲ್ಲಿದ್ದ ಒಂದೇ ಒಂದು ಬೆತ್ತದ ಕುರ್ಚಿ. ಉಳಿದವರು ತಹಶೀಲ್ದಾರರಿದ್ದರೂ ಬೆಂಚಿನ ಮೇಲೆ.

ನಾನು ಹೋದಾಗ ಆ ಕುರ್ಚಿಯಲ್ಲಿ ಇದ್ದವನು ಕಂಡಕ್ಟರ್ ಫಕೀರಪ್ಪ. ಇದೇ ಊರಿನವನು, ಇದೇ ಊರಿನ ಬಸ್ಸಿನ ಮೇಲೆ ಡ್ಯೂಟಿ. ಅವನ ಕಾಟ್ಲಾ ಮೀನು ವರ್ಷಗಳಿಂದ ಗೋಡೆ ಬಿಟ್ಟು ಅಲುಗಿರಲಿಲ್ಲ. ನಾನು ಒಂದೂವರೆ ಗೇಣಿನ ಮೀನು ಹಿಡಿದ ಸುದ್ದಿ ಕೇಳಿದರೆ ಸಾಕು, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಅದನ್ನ ಗ್ವಾಡಿಗೆ ತರಬ್ಯಾಡ್ರಿ, ಸಾಹೇಬ್ರ. ನನ್ನ ಮೀನಿನ ಕಣ್ಣಾಗ ಹೊಕ್ಕೀತು" ಅನ್ನುತ್ತಿದ್ದ. ಇಡೀ ಬಸ್ಸಿಗೆ ಕೇಳುವ ಹಾಗೆ ಅನ್ನುತ್ತಿದ್ದ. ನನಗೆ ಆ ಕುರ್ಚಿಯ ಮೇಲೆ ಎಷ್ಟು ಆಸೆ ಹುಟ್ಟಿತ್ತೆಂದರೆ, ಬಡ್ತಿಯ ಆರ್ಡರ್ ಬಂದಿದ್ದರೂ ಅಷ್ಟು ಸಂತೋಷ ಆಗುತ್ತಿರಲಿಲ್ಲವೇನೋ.

ಶ್ರಾವಣದ ಒಂದು ಭಾನುವಾರ. ಶ್ರಾವಣ ಬಂತೆಂದರೆ ಆ ಊರಲ್ಲಿ ಮೀನು ತಿನ್ನುವ ಮನೆಗಳಲ್ಲೂ ಒಲೆಯ ಮೇಲೆ ಬರೀ ಕಾಳು-ಪಲ್ಯ. ಉಳಿದದ್ದು ರಾಜೇಸಾಬ ಮತ್ತು ಅವನ ತಮ್ಮಂದಿರ ಮನೆ. ಅವರೆಲ್ಲ ಹರಕೆ ತೀರಿಸಲು ಹಿಂದಿನ ದಿನವೇ ಮಕ್ಕಳು-ಮರಿ ಕಟ್ಟಿಕೊಂಡು ಯಮನೂರಿನ ದರ್ಗಾಕ್ಕೆ ಹೋಗಿದ್ದರು. ಗುರುಪಾದಪ್ಪನಿಗೆ ಹಾಡಿಕೆಯ ಹುಚ್ಚು. ಕುಂದಗೋಳದಲ್ಲಿ ಯಾವುದೋ ಬೈಠಕ್ ಇದೆಯೆಂದು ಬೆಳಿಗ್ಗೆಯೇ ಅಂಗಡಿಗೆ ಕೀಲಿ ಜಡಿದು, ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡು ಹೋಗಿದ್ದ. ಫಕೀರಪ್ಪನ ಬಸ್ಸು ಭಾನುವಾರ ಹುಬ್ಬಳ್ಳಿಯಲ್ಲೇ ವಸತಿ. ಹೀಗೆ ಊರೆಲ್ಲ ಬಣಬಣ. ತಿನ್ನುವವರಿಲ್ಲದ ದಿನ ಗಾಳ ಹಾಕಬಾರದು ಎಂದು ನನಗೆ ಗೊತ್ತಿತ್ತು. ಆದರೆ ಮೋಡ ಕವಿದ ಮಧ್ಯಾಹ್ನ, ಜಿಟಿಜಿಟಿ ನಿಂತು ನೀರು ತಣ್ಣಗೆ ಮಿನುಗುತ್ತಿತ್ತು. ಸಣ್ಣದು ಸಿಕ್ಕರೆ ಬಿಟ್ಟರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಹೋಗಿ ತೂಬಿನ ಕಲ್ಲಿನ ಮೇಲೆ ಕೂತೆ. ದೊಡ್ಡದು ಸಿಕ್ಕರೆ ಏನೆಂದು ಯೋಚಿಸಲೇ ಇಲ್ಲ.

ದೊಡ್ಡದೇ ಸಿಕ್ಕಿತು. ದಾರಕ್ಕೆ ಕಟ್ಟಿದ್ದ ಜೋಳದ ದಂಟಿನ ಬೆಂಡು ಮುಳುಗಿದ್ದನ್ನು ನಾನು ನೋಡಲಿಲ್ಲ. ಬಿದಿರ ಕೋಲೇ ಕೈಯಿಂದ ಹೊರಟಿತ್ತು. ದಾರ ಬಿಟ್ಟೆ, ಎಳೆದೆ, ಮತ್ತೆ ಬಿಟ್ಟೆ. ಮೊಣಕಾಲು ನೀರಿಗಿಳಿದೆ, ಆಮೇಲೆ ಸೊಂಟದ ತನಕ. ಎಷ್ಟು ಹೊತ್ತಾಯಿತೋ ತಿಳಿಯದು. ಕೊನೆಗೆ ಅದು ದಣಿದು, ತೂಬಿನ ಬಾಜು ಇದ್ದ ಸಣ್ಣ ಗುಂಡಿಯೊಳಗೆ ಮಗ್ಗುಲಾಗಿ ಬಂದು ಬಿತ್ತು. ಕಾಟ್ಲಾ. ತಲೆಯೇ ನಮ್ಮ ಮನೆಯ ಕೊಡದಷ್ಟಿತ್ತು. ಹಿಟ್ಟಿನ ಬುಟ್ಟಿಯಷ್ಟಗಲದ ಹೊಟ್ಟೆ. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಫಕೀರಪ್ಪನ ಮೀನು ಇದರ ಮಗಳ ಮಗಳು ಆಗಬೇಕಿತ್ತು.

ನಾನು ಅಲ್ಲಿಯ ತನಕ ಒಂದು ಮೀನನ್ನೂ ಕೈಯಿಂದ ಮುಟ್ಟಿರಲಿಲ್ಲ. ಹೆಗಲ ಮೇಲಿನ ಟಾವೆಲ್ ತೋಯಿಸಿ ಕೈಗೆ ಸುತ್ತಿಕೊಂಡು, "ಶಿವಶಿವಾ" ಎನ್ನುತ್ತ ಅದರ ತುಟಿಯಿಂದ ಗಾಳ ಬಿಡಿಸಿದೆ. ಆಮೇಲೆ ಹುಟ್ಟುಗುಣ ಬಿಡದೆ ಅಳೆದೆ. ಟಾವೆಲ್ಲಿನ ಅಂಚನ್ನು ಮೂತಿಗೆ ಹಿಡಿದು ಬಾಲದ ತುದಿಯ ತನಕ ಎಳೆದು, ಅಲ್ಲಿ ಗಾಳದ ದಾರದ ತುಂಡೊಂದನ್ನು ಬಿಗಿಯಾಗಿ ಕಟ್ಟಿದೆ. ಗಂಟು ಹಾಕಿದರೆ ಗಂಟು ಬಟ್ಟೆಯನ್ನು ತಿನ್ನುತ್ತದೆ, ಅಳತೆ ಕೆಡುತ್ತದೆ. ಮೋಜಣಿಯವನಿಗೆ ಅಷ್ಟೂ ತಿಳಿಯದಿದ್ದರೆ ಹೇಗೆ? ಅಳೆಯುವಾಗ ಇನ್ನೊಂದು ಕಂಡಿತು. ಬಾಲದ ಕೆಳಗಿನ ಎಸಳಿನಲ್ಲಿ ಅರ್ಧಚಂದ್ರದಂತೆ ಒಂದು ತುಣುಕು ಇರಲಿಲ್ಲ, ರೊಟ್ಟಿಯನ್ನು ಯಾರೋ ಒಂದು ಸಲ ಕಚ್ಚಿ ಇಟ್ಟ ಹಾಗೆ.

ಈಗ ಏನು ಮಾಡುವುದು? ಏರಿಯ ಮೇಲೆ ನರಪಿಳ್ಳೆ ಇರಲಿಲ್ಲ. ಗುಂಡಿಯ ನೀರು ಅದರ ಬೆನ್ನನ್ನೂ ಮುಚ್ಚುತ್ತಿರಲಿಲ್ಲ, ಕಿವಿರು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ರಾಜೇಸಾಬ ನಾಳೆ ಮಧ್ಯಾಹ್ನ ಬರುವ ತನಕ ಇದನ್ನು ಜೀವಂತ ಇಡುವುದು ಆಗದ ಮಾತು. ಕೊಂದು ಇಟ್ಟರೆ ನಾಳೆಗೆ ನಾರುತ್ತದೆ, ಯಾರೂ ತಿನ್ನುವುದಿಲ್ಲ. ಆದರೂ ನಾಳೆ ಬೆಳಿಗ್ಗೆ ಗೋಡೆಗೆ ಆನಿಸಿ ಗೆರೆ ಎಳೆಸಿಕೊಳ್ಳಲು ಅಡ್ಡಿಯಿಲ್ಲ! ಸತ್ತ ಮೀನಿಗೂ ಗೆರೆ ಗೆರೆಯೇ. ಬಿಟ್ಟರೆ ನಂಬುವವರು ಯಾರು? ಕೈ ತಪ್ಪಿದ ಮೀನು ಯಾವಾಗಲೂ ದೊಡ್ಡದೇ ಇರುತ್ತದೆ ಎಂದು ಇಡೀ ಬಸ್ಸು ನಗುತ್ತದೆ. ಫಕೀರಪ್ಪ ಸಾಯುವ ತನಕ ಹೇಳಿಕೊಂಡು ತಿರುಗುತ್ತಾನೆ.

ಬಿಡಲು ಮನಸ್ಸಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಒಂದು ಕಲ್ಲನ್ನೂ ಕೈಗೆತ್ತಿಕೊಂಡಿದ್ದೆ. ಅಷ್ಟರಲ್ಲಿ ಅವ್ವನ ಮಾತು ನೆನಪಾಯಿತು, "ಬರೇ ಮೆರ್‍ಯಾಕ ಅಂತೂ ತೆಗೀಲೇಬ್ಯಾಡ." ಅವಳು ಇದೇ ದಿನವನ್ನು ಮೊದಲೇ ಕಂಡು ಹೇಳಿದಳೇನೋ ಎನ್ನಿಸಿ ಸಿಟ್ಟೂ ಬಂತು. ಕಲ್ಲು ಒಗೆದೆ. ಎರಡೂ ತೋಳು ಅದರ ಹೊಟ್ಟೆಯ ಕೆಳಗೆ ಕೊಟ್ಟು ಆಳದ ಕಡೆಗೆ ನೂಕಿದೆ. ಅದು ಸ್ವಲ್ಪ ಹೊತ್ತು ನನ್ನ ತೊಡೆಗೆ ಆತುಕೊಂಡು ಹಾಗೇ ನಿಂತಿತು, ಆಮೇಲೆ ಅವಸರ ಇಲ್ಲದೆ ಹೋಯಿತು. ಬಹಳ ಕೆಟ್ಟೆನಿಸಿತು. ಮನೆಯ ದಾರಿ ಹಿಡಿದ ಮೇಲೆ ಮಾತ್ರ ಯಾಕೋ ಮೈ ಹಗುರಾಗಿ ಸಿಳ್ಳು ಹಾಕುತ್ತ ಹೋದೆ.

ಅವ್ವನಿಗೆ, ದೊಡ್ಡದೊಂದು ಸಿಕ್ಕಿತ್ತು, ಬಿಟ್ಟು ಬಂದೆ ಎಂದಷ್ಟೇ ಹೇಳಿದೆ. "ಛಲೋ ಮಾಡಿದಿ. ಆ ನಾರೂ ಟಾವೆಲ್ಲಾ ಹಿತ್ತಲದಾಗ ಇಡು" ಎಂದಳು. ದಾರ ಬಿಚ್ಚಬೇಡ ಎಂದು ಹೇಳಿ ಅದನ್ನು ಹಿತ್ತಲ ಗೂಟಕ್ಕೆ ಹಾಕಿದೆ. ಬಾಲದ ಕಚ್ಚಿನ ಮಾತು ಅವ್ವನಿಗೂ ಹೇಳಲಿಲ್ಲ. ಕತ್ತಲಾಗುವ ಮುಂಚೆ ಉಂಡು ಮಲಗಿದೆ, ದಣಿದವನಿಗೆ ಕಲ್ಲಿನಂಥ ನಿದ್ದೆ.

ಮರುದಿನ ಸೋಮವಾರ, ಕಲಘಟಗಿಯ ಆಫೀಸಿಗೆ ಹೋಗುವುದಿತ್ತು. ಹುಬ್ಬಳ್ಳಿಯಿಂದ ಬರುವ ಮೊದಲ ಬಸ್ಸಿಗೆ ಕಾಯುತ್ತ ಗುರುಪಾದಪ್ಪನ ಅಂಗಡಿಯ ಮುಂದೆ ನಿಂತೆ. ಬಸ್ಸು ಬಂತು. ಫಕೀರಪ್ಪ ಇಳಿದ, ಅವನ ಹಿಂದೆ ನಿದ್ದೆಗೆಟ್ಟ ಕಣ್ಣಿನ ಗುರುಪಾದಪ್ಪ ಯಾವುದೋ ರಾಗ ಗುನುಗುತ್ತ ಇಳಿದ. ಉಡದಾರದಿಂದ ಕೀಲಿಕೈ ಬಿಚ್ಚಿ ನಮ್ಮಿಬ್ಬರ ಎದುರಿಗೇ ಬಾಗಿಲು ತೆರೆದ. ಒಳಗೆ ಮೊದಲು ಹೊಕ್ಕವನು ಫಕೀರಪ್ಪ, ತನ್ನ ಕುರ್ಚಿಗೆ. ಹೊಕ್ಕವನು ಕೂರಲಿಲ್ಲ.

"ಲೇ ಗುರುಪಾದಾ! ಯಾವನೋ ನನ್ನ ಮೀನಾ ನುಂಗ್ಯಾನಲೇ!"

ಗೋಡೆಯ ಮೇಲೆ ಹೊಸ ಗೆರೆ ಇತ್ತು. ಹಳೆಯದನ್ನು ಅಳಿಸಿರಲಿಲ್ಲ; ಫಕೀರಪ್ಪನ ಮೀನು ಇದ್ದ ಜಾಗದಲ್ಲೇ ಇತ್ತು, ಆದರೆ ಅದರ ಸುತ್ತ ಇನ್ನೊಂದು ದೊಡ್ಡ ಮೀನು. ಅವನ ಕಾಟ್ಲಾ ಇದರ ಹೊಟ್ಟೆಯೊಳಗೆ ಆರಾಮಾಗಿ ಮಲಗಿದಂತೆ ಕಾಣುತ್ತಿತ್ತು. ಬಾಲದ ತುದಿ ಬಿಸ್ಕೀಟಿನ ಬರಣಿಗಳ ಕಪಾಟಿನ ಹತ್ತಿರ ಬಂದು ನಿಂತಿತ್ತು. ಬಾಲದ ಕೆಳಗಿನ ಎಸಳಿನಲ್ಲಿ ಅರ್ಧಚಂದ್ರದ ಕಚ್ಚು. ಗೋಡೆಯ ಮೀನಿಗೆ ಕಣ್ಣು ಬರೆಯುವ ವಾಡಿಕೆ ಅಲ್ಲಿ ಇರಲಿಲ್ಲ. ಇದಕ್ಕೆ ಕಣ್ಣಿತ್ತು.

ನನ್ನ ಮುಖ ಹೇಗಾಗಿತ್ತೋ, ಫಕೀರಪ್ಪ ನನ್ನ ಕಡೆಗೇ ತಿರುಗಿದ. "ಮೋಜಣಿ ಸಾಹೇಬ್ರ, ಹೊಲದ ಗಡಿ ಸರಿಸಿದ್ದು ಸಾಕಾಗ್ಲಿಲ್ಲೇನ್ರಿ? ನನ್ನ ಮೀನಿನ ಗಡಿನೂ ಸರಿಸಿದ್ರ್ಯಾ?" ಬಸ್ಸಿನಿಂದ ಇಳಿದವರೆಲ್ಲ ಬಾಗಿಲಲ್ಲಿ ಕೂಡಿದರು. ಮೋಜಣಿಯವನ ಮೇಲೆ ಸುಳ್ಳು ಗೆರೆಯ ಆರೋಪ! ಇದಕ್ಕಿಂತ ದೊಡ್ಡ ಅವಮಾನ ನನಗೆ ಇನ್ನೊಂದಿಲ್ಲ. ಹಿಂದಿನ ದಿನದ ಸಂಗತಿಯನ್ನೆಲ್ಲ ಹೇಳಿದೆ. ಯಾರೂ ನಂಬಲಿಲ್ಲ, ನಾನಾದರೂ ನಂಬುತ್ತಿರಲಿಲ್ಲ. ಮನೆಗೆ ಓಡಿಹೋಗಿ ಹಿತ್ತಲ ಗೂಟದಿಂದ ಟಾವೆಲ್ ತಂದು ಫಕೀರಪ್ಪನ ಕೈಗೇ ಕೊಟ್ಟೆ.

"ನೀವ ಅಳೀರಿ" ಎಂದೆ.

ಅವನು ಮೂಗು ಮುಚ್ಚಿಕೊಂಡು ಅಂಚನ್ನು ಮೂತಿಗೆ ಹಿಡಿದ. ಗುರುಪಾದಪ್ಪ ಆ ತುದಿ ಎಳೆದ. ದಾರ ಕಟ್ಟಿದ್ದು ಬಾಲದ ತುದಿಯ ಗೆರೆಯ ಮೇಲೆಯೇ ಬಂದು ಕೂತಿತು. ನೂಲಿನಷ್ಟೂ ಹೆಚ್ಚಿಲ್ಲ, ಕಡಿಮೆ ಇಲ್ಲ.

ಆಮೇಲೆ ಒಂದು ತಾಸು ನಾವು ಮಾಡದ ತನಿಖೆ ಇಲ್ಲ. ಕೀಲಿಗೆ ಗೀರು ಬಿದ್ದಿರಲಿಲ್ಲ, ಅದಕ್ಕೆ ಇನ್ನೊಂದು ಕೀಲಿಕೈ ಇರಲಿಲ್ಲ. ಫಕೀರಪ್ಪ ಖಾಕಿ ಮೇಲಕ್ಕೆ ಮಡಚಿ ಛಾವಣಿ ಹತ್ತಿ ಬಂದ. ಹಂಚಿನ ಮೇಲಿನ ಪಾಚಿ ಕೂಡ ಕೆಟ್ಟಿರಲಿಲ್ಲ. ಕೆಮ್ಮಣ್ಣಿನ ಡಬ್ಬಿ ಕಪಾಟಿನ ಮೇಲೆ ಇದ್ದಲ್ಲೇ ಇತ್ತು, ಒಳಗೆ ಒಣಗಿ ಬಿರುಕು ಬಿಟ್ಟಿತ್ತು. ಡ್ರೈವರ್ ಹಾರ್ನ್ ಹೊಡೆದು ಹೊಡೆದು ಕೊನೆಗೆ ತಾನೂ ಇಳಿದು ಬಂದು ನೋಡುತ್ತ ನಿಂತ. ನಿದ್ದೆಯಲ್ಲಿ ಎದ್ದು ನಾನೇ ಬರೆದಿರಬಹುದೇ ಎಂದು ನಾನೇ ಕೇಳಿದೆ. ನನ್ನ ಉಗುರಿನ ಸಂದಿಯಲ್ಲಿ ಕೆಂಪು ಇರಲಿಲ್ಲ. ಅವ್ವನನ್ನು ಕೇಳಿದರೆ, "ನಾ ಬಾಗಲಕ್ಕ ಅಡ್ಡ ಮಲಗಾಕಿ. ದಾಟಿ ಹೋಗಿದ್ರ ಗೊತ್ತಾಗತಿದ್ದಿಲ್ಲೇನು?" ಎಂದಳು. ಎದ್ದಿದ್ದರೂ ಆ ಕೀಲಿ ತೆರೆಯುವುದು ಹೇಗೆ?

ಫಕೀರಪ್ಪ ತನ್ನ ಮೀನಿನ ಗೆರೆಯ ಮೇಲೊಮ್ಮೆ ಬೆರಳಾಡಿಸಿದ. ಅವನು ಮಾತಿನಲ್ಲಿ ಒರಟ, ಮನಸ್ಸಿನಲ್ಲಿ ಅಲ್ಲ. ಬೆತ್ತದ ಕುರ್ಚಿಯನ್ನು ತನ್ನ ಕೈಯಿಂದಲೇ ಒರೆಸಿ ನನ್ನ ಕಡೆಗೆ ಸರಿಸಿದ. "ಕುಂಡ್ರ್‍ರಿ, ಸಾಹೇಬ್ರ. ಯಾರ ಬರದಾರೋ ಶಿವಗ ಗೊತ್ತು. ಆದ್ರ ಅಳತಿ ಅಳತೀನ." ಕಾದು ಕಾದು ಸಿಕ್ಕ ಕುರ್ಚಿ. ಕೂತೆ, ಆದರೆ ಬೆನ್ನ ಹಿಂದೆ ಆ ಕಣ್ಣು ಇದೆಯೆಂದು ಚಹಾ ಕುಡಿದು ಮುಗಿಸುವ ತನಕ ನೆಟ್ಟಗೆ ಕೂತಿದ್ದೆ.

ಮಧ್ಯಾಹ್ನ ಯಮನೂರಿನಿಂದ ಸಕ್ಕರೆಯ ಪುಡಿಕೆ ಹಿಡಿದು ಬಂದ ರಾಜೇಸಾಬ, ಸುದ್ದಿ ಕೇಳಿ ನೇರವಾಗಿ ಅಂಗಡಿಗೆ ಬಂದು ಗೋಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟನಂತೆ. ಸಂಜೆ ನಾನು ಬಸ್ಸಿನಿಂದ ಇಳಿದಾಗಲೂ ಅಲ್ಲೇ ಇದ್ದ. "ಒಂದ ದಿನಾ ಕಾಯಾಕ ಆಗ್ಲಿಲ್ಲೇನ್ರಿ ಅದಕ್ಕ?" ಎಂದು ಹಣೆ ಚಚ್ಚಿಕೊಂಡ. ಆಮೇಲೆ, "ಇರ್ಲಿ ಬಿಡ್ರಿ. ಇದನ್ನ ನೋಡಕೋತ ಎರಡ ರೊಟ್ಟಿ ಹೆಚ್ಚ ತಿಂತೀನಿ" ಎಂದು ಪುಡಿಕೆ ಬಿಚ್ಚಿ ಎಲ್ಲರಿಗೂ ಸಕ್ಕರೆ ಹಂಚಿದ. ಗೋಡೆಯ ಮೀನಿನ ಮೂತಿಗೂ ಒಂದು ಚಿಟಿಕೆ ಹಚ್ಚಿದ.

ಇಷ್ಟಕ್ಕೇ ಮುಗಿದಿದ್ದರೆ, ಯಾರೋ ಕಿಲಾಡಿ ಮರೆಯಲ್ಲಿ ನಿಂತು ನೋಡಿ, ಹೇಗೋ ಒಳಗೆ ಹೊಕ್ಕು ಮಾಡಿದ ಚೇಷ್ಟೆ ಎಂದು ನಾನು ಕೈ ತೊಳೆದುಕೊಳ್ಳುತ್ತಿದ್ದೆ. ಮುಂದಿನ ಶ್ರಾವಣದಲ್ಲಿ ನನಗೆ ವರ್ಗದ ಆರ್ಡರ್ ಬಂತು, ನವಲಗುಂದಕ್ಕೆ. ಊರು ಬಿಡುವ ಮುಂಚೆ, ಸುಮ್ಮನೆ ಖುಷಿಗೆಂದು, ಟಾವೆಲ್ ಒಯ್ದು ಇನ್ನೊಮ್ಮೆ ಗೋಡೆಗೆ ಹಿಡಿದೆ. ಅದನ್ನು ನಾನು ಒಗೆಸಿರಲಿಲ್ಲ, ದಾರವನ್ನು ಮುಟ್ಟಿರಲಿಲ್ಲ. ಬಾಲ ದಾರವನ್ನು ದಾಟಿ ಎರಡು ಬೆರಳು ಮುಂದೆ ಹೋಗಿತ್ತು. ಗುರುಪಾದಪ್ಪನನ್ನು ಕರೆದು ತೋರಿಸಿದೆ. ಅವನು ಗೆರೆಗೆ ಕೈ ಹಚ್ಚಿಲ್ಲವೆಂದು ತನ್ನ ತಂಬೂರಿಯ ಮೇಲೆ ಆಣೆ ಮಾಡಿದ. ಅವ್ವ ಮಾತ್ರ ಪಾತ್ರೆ ಕಟ್ಟುತ್ತ, "ಮಳಿಗಾಲದಾಗ ಅರಿವಿ ಕುಗ್ಗತೈತೋ, ಮೀನಾ ಎಲ್ಲೆ ಬೆಳೀತೈತಿ?" ಎಂದು ನಕ್ಕಳು. ಇರಬಹುದು. ಬಟ್ಟೆ ಕುಗ್ಗುತ್ತದೆ. ಆದರೆ ಗೂಟದ ಮೇಲೆ ತೂಗುಬಿದ್ದ ಬಟ್ಟೆ ಎರಡು ಬೆರಳು ಕುಗ್ಗಿದ್ದನ್ನು ನಾನು ಮುಂದೆಂದೂ ಕಾಣಲಿಲ್ಲ. ಬೇರೆ ಟಾವೆಲ್ಲುಗಳನ್ನು ನೇತುಹಾಕಿ ಪರೀಕ್ಷೆ ಮಾಡಿಯೂ ನೋಡಿದ್ದೇನೆ.

ಕೆಲವು ವರ್ಷ ಕಳೆದ ಮೇಲೆ ರಾಜೇಸಾಬನ ಮಗಳ ಮದುವೆಗೆಂದು ಮತ್ತೆ ಆ ಊರಿಗೆ ಹೋದೆ. ಬಸ್ಸಿಳಿದು ಮೊದಲು ಚಹಾದಂಗಡಿಗೆ ಹೊಕ್ಕೆ. ಬೆತ್ತದ ಕುರ್ಚಿ ಖಾಲಿ ಇತ್ತು. ನಾನು ಹೋದ ಮೇಲೆ ಅದರಲ್ಲಿ ಯಾರೂ ಕೂತಿಲ್ಲವಂತೆ. ಗೋಡೆಗೆ ಹೊಸ ಸುಣ್ಣ ಬಳಿದಿದ್ದರು, ಮೀನು ಇದ್ದ ಭಾಗವೊಂದನ್ನು ಬಿಟ್ಟು. ಆದರೆ ಅಂಗಡಿ ಏನೋ ಬದಲಾದಂತೆ ಕಂಡಿತು. ಏನೆಂದು ಕೂತು ನೋಡಿದ ಮೇಲೆ ತಿಳಿಯಿತು. ಬಾಲದ ತುದಿಗೆ ಇದ್ದ ಬಿಸ್ಕೀಟಿನ ಕಪಾಟು ಅಲ್ಲಿರಲಿಲ್ಲ. ಎದುರುಗೋಡೆಗೆ ಬಂದಿತ್ತು.

"ಕಪಾಟ ಯಾಕ ಸರಿಸಿದಿ, ಗುರುಪಾದಪ್ಪ?" ಎಂದು ಕೇಳಿದೆ.

ಅವನು ಚಹಾ ಸೋಸುತ್ತಿದ್ದವನು ತಲೆ ಎತ್ತಲೂ ಇಲ್ಲ. "ಅದರ ಬಾಲಕ್ಕ ಜಾಗಾ ಸಾಲವಲ್ದಾಗಿತ್ತರಿ, ಸಾಹೇಬ್ರ" ಎಂದ.

ನನ್ನ ಚೀಲದಲ್ಲಿ ಆಫೀಸಿನ ಟೇಪು ಇತ್ತು. ಚೀಲದೊಳಗೆ ಕೈ ಹಾಕಿ ಅದನ್ನು ಮುಟ್ಟಿದೆ, ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದೆ. ಆಯುಷ್ಯದಲ್ಲಿ ಅಳೆಯಬಹುದಾದದ್ದೊಂದನ್ನು ಅಳೆಯದೆ ಬಿಟ್ಟದ್ದು ಅದೊಂದೇ ಸಲ. ಕೈ ಹೊರಗೆ ತೆಗೆದು, ಚಹಾದ ಬಸಿ ಹಿಡಿದುಕೊಂಡೆ.